ಆಯಿಲ್ ಗಟ್ಟಿಯಿದ್ದಷ್ಟೂ ಒಳ್ಳೆಯದೇ?

"ನಮ್ಮ ಬಿಸಿಲಿಗೆ ಇಷ್ಟು ತೆಳ್ಳಗಿನ ಆಯಿಲ್ ತಡೆಯುವುದಿಲ್ಲ ಸರ್, ಸ್ವಲ್ಪ ಗಟ್ಟಿಯದು ಹಾಕೋಣ." ಗ್ಯಾರೇಜಿನಲ್ಲಿ ಈ ಮಾತು ಕೇಳದ ಕಾರು ಮಾಲೀಕರು ಕಡಿಮೆ. ಹಳೆಯ ಎಂಜಿನ್‌ಗಳಿಗೆ 20ಡಬ್ಲ್ಯು-40 ಎಂಬ ಗಟ್ಟಿ ಆಯಿಲ್ ಹಾಕಿ ಪಳಗಿದ ಕೈಗಳ ಸಲಹೆ ಅದು. ಈಗಿನ ಕಾರಿಗೆ ಹೊಂದುವುದಿಲ್ಲ.

ಈಗಿನ ತೆಳು ಆಯಿಲಿನ ದರ್ಜೆ 0ಡಬ್ಲ್ಯು-20 ಎಂಬುದರಲ್ಲಿ ಮೊದಲ ಅಂಕಿ ಎಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಎರಡನೆಯದು 100 ಡಿಗ್ರಿ ಕಾವಿನಲ್ಲಿ ಅದರ ದಪ್ಪವನ್ನು. ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಸುಮಾರು 90 ಡಿಗ್ರಿಯಲ್ಲಿ ದುಡಿಯುವ ಎಂಜಿನ್‌ಗೆ ನಮ್ಮ ಬೆಳಗಿನ 20 ಡಿಗ್ರಿಯೂ ಚಳಿಯೇ. ಒಳಗಿನ ಸಂದುಗಳು ಈಗ ಕಿರಿದಾಗಿವೆ, ಗಟ್ಟಿ ಆಯಿಲ್ ಅಲ್ಲಿಗೆ ಬೇಗ ತಲುಪುವುದಿಲ್ಲ. ವಾಲ್ವ್ ತೆರೆಯುವ ಹೊತ್ತನ್ನು ಹಿಂದೆಮುಂದೆ ಮಾಡುವ ಕೆಲಸವೂ ಅನೇಕ ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ಆದ್ದರಿಂದ ಕಾರಿನ ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಿ. ಹೊಗೆನಳಿಕೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುವ, ಹೊಗೆ ಮಿತಿಯ ಬಿಎಸ್6 ನಿಯಮದ ಡೀಸೆಲ್ ಕಾರಾದರೆ ಇನ್ನೂ ಎಚ್ಚರ ಬೇಕು: ಬೂದಿ ಕಡಿಮೆ ಬಿಡುವ ಆಯಿಲ್ ಅಲ್ಲದಿದ್ದರೆ ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಮನೆಯಲ್ಲೇ ಬದಲಿಸುವುದಾದರೆ, ಎಂಜಿನ್ ಅನ್ನು ನಾಲ್ಕೈದು ನಿಮಿಷ ಓಡಿಸಿ ನಿಲ್ಲಿಸಿ. ಬೆಚ್ಚಗಿನ ಆಯಿಲ್ ಪೂರ್ತಿ ಇಳಿಯುತ್ತದೆ. ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಬರೀ ಜಾಕ್ ನಂಬಿ ಕಾರಿನಡಿ ನುಸುಳಲೇಬೇಡಿ, ಸ್ಟ್ಯಾಂಡ್ ಕೊಡಿ.

ಎಂಜಿನ್ ಅಡಿಯ ಡ್ರೈನ್ ಬೋಲ್ಟ್ ಬಿಚ್ಚಿ, ಆಯಿಲ್ ಹನಿಹನಿಯಾಗುವವರೆಗೆ ಕಾಯಿರಿ. ಬೋಲ್ಟಿನ ವಾಷರ್ ಹೊಸದಿರಲಿ. ಹಳೆಯದು ಒಮ್ಮೆ ಅಮುಕಿ ಚಪ್ಪಟೆಯಾಗಿರುತ್ತದೆ, ಮತ್ತೆ ಹಾಕಿದರೆ ಜಿನುಗುತ್ತದೆ. ನಂತರ ಆಯಿಲ್ ಫಿಲ್ಟರ್. ಅದನ್ನು ತಿರುಗಿಸಿ ತೆಗೆದ ಮೇಲೆ ಎಂಜಿನ್ ಬದಿಯನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ. ಹಳೆಯ ರಬ್ಬರ್ ಬಳೆ ಕೆಲವೊಮ್ಮೆ ಅಲ್ಲೇ ಅಂಟಿಕೊಂಡಿರುತ್ತದೆ. ಅದರ ಮೇಲೆಯೇ ಹೊಸದನ್ನು ಕೂರಿಸಿದ ನಾನು, ಎಂಜಿನ್ ಚಾಲೂ ಮಾಡಿದ ಅರೆ ನಿಮಿಷದಲ್ಲಿ ಅಂಗಳದ ತುಂಬಾ ಹೊಸ ಆಯಿಲ್ ಚೆಲ್ಲಿದ್ದೆ. ಹೊಸ ಫಿಲ್ಟರಿನ ಬಳೆಗೆ ಒಂದು ಬೆರಳು ಆಯಿಲ್ ಸವರಿ ಕೈಯಿಂದಲೇ ಬಿಗಿ ಮಾಡಿ, ಸ್ಪ್ಯಾನರ್ ಬೇಡ.

ಕೈಪಿಡಿಯ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಸುರಿಯಿರಿ. ಎಂಜಿನ್ ಒಂದು ನಿಮಿಷ ಓಡಲಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ನೋಡಿ ಉಳಿದದ್ದನ್ನು ಸೇರಿಸಿ. ಮೇಲಿನ ಗುರುತು ದಾಟಬಾರದು. ಹೆಚ್ಚಾದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಮಾಡುತ್ತದೆ.

ಉಳಿದ ದ್ರವಗಳಲ್ಲಿ ಕೂಲೆಂಟ್ ಅನ್ನು ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಸಿವಿಟಿ ಎಂಬ ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಸಿವಿಟಿ ಆಯಿಲನ್ನೇ ಹಾಕಬೇಕು.

ತೆಗೆದ ಕಪ್ಪು ಆಯಿಲನ್ನು ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವವರಿದ್ದಾರೆ. ಅದು ಮಳೆಗೆ ತೊಳೆದು ಮಣ್ಣಿಗೆ ಇಳಿಯುತ್ತದೆ. ಹೊಸ ಆಯಿಲಿನ ಖಾಲಿ ಡಬ್ಬಕ್ಕೇ ತುಂಬಿ, ಮರುಸಂಸ್ಕರಣೆಗೆ ಕಳುಹಿಸುವ ಗ್ಯಾರೇಜಿಗೆ ಕೊಟ್ಟುಬಿಡಿ.