ಬಂದವರನ್ನು ಬಿಟ್ಟು ಬಾರದವರ ಪಟ್ಟಿ ಹಿಡಿದೆ

ನಮ್ಮ ಕ್ಲಿನಿಕ್ಕಿನಲ್ಲಿ ಬಿಪಿ, ಶುಗರ್ ಪೇಷಂಟುಗಳು ಸಮಯಕ್ಕೆ ಬರುತ್ತಾರೋ ಇಲ್ಲವೋ ಅಂತ ನೋಡಲು ಒಂದು ಗೂಗಲ್ ಶೀಟ್ ಇದೆ. ಅದರಲ್ಲಿ 11 ಜನ ತಿಪ್ಪೇಸ್ವಾಮಿಗಳಿದ್ದಾರೆ. ಓಬಣ್ಣಂದಿರು ಒಂಬತ್ತೋ ಹತ್ತೋ. ಚಳ್ಳಕೆರೆ ತಾಲ್ಲೂಕಿನಲ್ಲಿ ಪ್ರಾಕ್ಟೀಸ್ ಮಾಡುವವರಿಗೆ ಇದೇನೂ ಹೊಸದಲ್ಲ. ಆದರೆ ಐದು ವರ್ಷದ ಹಿಂದೆ ಪೇಷಂಟುಗಳ ಲೆಕ್ಕ ಇಡಲು ನಾನು ದುಡ್ಡು ಕೊಟ್ಟು ತಂದ ಸಾಫ್ಟ್‌ವೇರಿಗೆ ಇದು ತಲೆಗೇ ಹೋಗಲಿಲ್ಲ. ಅದಕ್ಕೆ ಪ್ರತಿಯೊಬ್ಬರ ಹುಟ್ಟಿದ ತಾರೀಖು ಬೇಕು, ಒಬ್ಬೊಬ್ಬರಿಗೂ ಬೇರೆ ಮೊಬೈಲ್ ನಂಬರ್ ಬೇಕು. ನಮ್ಮ ಕಡೆ ಒಂದು ಮನೆಯಲ್ಲಿ ಅಜ್ಜನಿಗೆ ಬಿಪಿ, ಅಜ್ಜಿಗೆ ಶುಗರ್, ದೊಡ್ಡ ಮಗನಿಗೆ ಎರಡೂ. ಫೋನು ಮಾತ್ರ ಒಂದೇ, ಅದೂ ಮೊಮ್ಮಗನ ಜೇಬಿನಲ್ಲಿ. ಎರಡನೆಯವರ ಹೆಸರು ಹಾಕಲು ಹೋದರೆ ‘ಈ ನಂಬರ್ ಈಗಾಗಲೇ ಇದೆ’ ಅಂತ ಕೆಂಪಗೆ ಬರುತ್ತಿತ್ತು. ಸಿಸ್ಟರ್‌ಗೆ ಬೇಜಾರಾಗಿ ಬಾಯಿಗೆ ಬಂದ ನಂಬರ್ ತುಂಬಿಸಲು ಶುರು ಮಾಡಿದರು. ವರ್ಷಕ್ಕೆ 24 ಸಾವಿರ, ಮೇಲೆ 11 ಸಾವಿರದ ಟ್ಯಾಬು. ಬಾಳಿದ್ದು ನಾಲ್ಕು ತಿಂಗಳು. ಆ ಟ್ಯಾಬಿನಲ್ಲಿ ಈಗ ನನ್ನ ಮಗಳು ಚಿತ್ರ ಬಿಡಿಸುತ್ತಾಳೆ.

ಆಮೇಲೆ ಎಸ್ಸೆಮ್ಮೆಸ್ ಹುಚ್ಚು ಹತ್ತಿತು. ಮೊದಲು ಟೆಂಪ್ಲೇಟ್, ಅಂದರೆ ಕಳಿಸುವ ಮೆಸೇಜಿನ ಮಾದರಿ, ನೋಂದಣಿ ಮಾಡಿಸಬೇಕು, ಅದಕ್ಕೇ ಒಂದು ತಿಂಗಳು ಹೋಯಿತು. ಇಂಗ್ಲಿಷಿನಲ್ಲಾದರೆ ಒಂದು ಮೆಸೇಜಿಗೆ 160 ಅಕ್ಷರ. ಕನ್ನಡದಲ್ಲಿ ಬರೀ 70. ಅದರಲ್ಲೂ ಕೊಂಬು, ದೀರ್ಘ, ಒತ್ತು ಎಲ್ಲದಕ್ಕೂ ಬೇರೆ ಲೆಕ್ಕ. ‘ನಿಮ್ಮ ಮಾತ್ರೆ ಮುಗಿಯುತ್ತಾ ಬಂದಿದೆ, ಕ್ಲಿನಿಕ್ಕಿಗೆ ಬನ್ನಿ’ ಅಂತ ಬರೆದು ಪೇಷಂಟಿನ ಹೆಸರು, ಕ್ಲಿನಿಕ್ಕಿನ ಹೆಸರು, ಊರಿನ ಹೆಸರು ಎಲ್ಲ ಸೇರಿಸುವಷ್ಟರಲ್ಲಿ ಎರಡು ಮೆಸೇಜಿನ ದುಡ್ಡು. ಸುಮಾರು 5 ಸಾವಿರ ಹಾಕಿದೆ. ಬಂದವರು ಬೆರಳಲ್ಲಿ ಎಣಿಸುವಷ್ಟು. ಹಳೇ ಕೀಪ್ಯಾಡ್ ಸೆಟ್ಟುಗಳಲ್ಲಿ ಬರೀ ಚೌಕ ಚೌಕ ಕಾಣುತ್ತಿತ್ತಂತೆ. ಓದಲು ಬರುವ ಒಬ್ಬರನ್ನು ಕೇಳಿದರೆ, “ಕಂಪ್ನಿ ಮೆಸೇಜು ಅಂತ ಅಳಿಸ್ದೆ ಸಾರ್” ಅಂದರು.

ವಾಟ್ಸಾಪ್ ಗ್ರೂಪ್ ಮಾಡಿದ್ದು ಇನ್ನೂ ದೊಡ್ಡ ತಪ್ಪು. 60 ಜನ ಸೇರಿದರು. ಮೊದಲ ವಾರ ಗುಡ್ ಮಾರ್ನಿಂಗ್ ಹೂವು. ಎರಡನೇ ವಾರ ಯಾರೋ ಶುಗರ್ ಕಷಾಯ ಮಾರಲು ಶುರು ಮಾಡಿದ. ಮೂರನೇ ವಾರ ಸಿಸ್ಟರ್ ಕೈತಪ್ಪಿ ಒಬ್ಬರ ರಿಪೋರ್ಟನ್ನು ಗ್ರೂಪಿಗೇ ಹಾಕಿಬಿಟ್ಟರು. ಅವರ ಮನೆಯಲ್ಲಿ ಮಗನ ಮದುವೆ ಮಾತುಕತೆ ನಡೆಯುತ್ತಿತ್ತು, ಬೀಗರ ಕಡೆಯವರೂ ಅದೇ ಗ್ರೂಪಿನಲ್ಲಿದ್ದರು. ರಾತ್ರಿ ಹತ್ತಕ್ಕೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿ, ಬಂದವನೇ ಗ್ರೂಪ್ ಮುಚ್ಚಿದೆ. ಅವತ್ತಿನಿಂದ ಪೇಷಂಟುಗಳ ಗ್ರೂಪ್ ಅಂತ ಯಾರೇ ಅಂದರೂ ನಾನು ಕೈ ಮುಗಿಯುತ್ತೇನೆ.

ಇದನ್ನೆಲ್ಲ, ಆಮೇಲೆ ಶೀಟ್ ನೋಡಿ ಪೇಷಂಟುಗಳಿಗೆ ಫೋನ್ ಮಾಡಲು ಶುರು ಮಾಡಿದ್ದನ್ನೂ ಸೇರಿಸಿ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಮುಂದೆ ಇಟ್ಟುಕೊಂಡು ಕಾಲೇಜಿನ ಬ್ಯಾಚಿನವರಿಗೆ ಹೇಳಿದೆ. ನಕ್ಕರು. “ಫೋನ್ ಮಾಡಿ ಕರೆದ್ರೆ ದುಡ್ಡಿಗೆ ಕರೀತಾನೆ ಅಂತಾರೆ ಕಣೋ, ಇರೋ ಪ್ರಾಕ್ಟೀಸೂ ಹೋಗುತ್ತೆ” ಅಂದ ಒಬ್ಬ. ಇನ್ನೊಬ್ಬ ‘ಎಕ್ಸೆಲ್ ಡಾಕ್ಟ್ರು’ ಅಂತ ಹೆಸರಿಟ್ಟ. ಈಗ ಅವನೇ ನನ್ನ ಶೀಟಿನ ಕಾಪಿ ಕೇಳಿ ಇಸಕೊಂಡಿದ್ದಾನೆ. ಹೇಳಲೇಬೇಕಲ್ವಾ!

ಶೀಟಿಗೆ ತಿರುವು ಸಿಕ್ಕಿದ್ದು ನಾಯಕನಹಟ್ಟಿ ಜಾತ್ರೆ ಮುಗಿದ ವಾರ. ಜಾತ್ರೆಯಲ್ಲಿ ಮಾತ್ರೆ ಬಿಟ್ಟವರು ಒಬ್ಬೊಬ್ಬರಾಗಿ ಬರುತ್ತಿದ್ದರು, ಬಿಪಿ 180, 190. ಒಬ್ಬರು ಮಾತ್ರ ಬರಲಿಲ್ಲ. ಪಾರ್ಶ್ವವಾಯು ಹೊಡೆದು ನೇರ ದಾವಣಗೆರೆಗೆ ಹೋಗಿದ್ದರು. ನನ್ನ ಪುಸ್ತಕ ತೆಗೆದು ನೋಡಿದರೆ ಅವರು ಎರಡೂವರೆ ತಿಂಗಳಿಂದ ಬಂದೇ ಇರಲಿಲ್ಲ. ಬಂದವರನ್ನೆಲ್ಲ ಬರೆದಿಟ್ಟಿದ್ದೆ. ಬಾರದವರನ್ನು ಎಲ್ಲೂ ಬರೆದಿರಲಿಲ್ಲ.

ಅವತ್ತು ರಾತ್ರಿ ಗೂಗಲ್ ಶೀಟ್ ತೆರೆದು ಕೂತೆ. ಹೆಸರು, ಹಟ್ಟಿ, ಮನೆತನದ ಅಡ್ಡಹೆಸರು, ಫೋನ್ ನಂಬರ್, ಮಾತ್ರೆ, ಮಾತ್ರೆ ಮುಗಿಯುವ ತಾರೀಖು. ಅಷ್ಟೇ. ತಾರೀಖು ದಾಟಿ ಐದು ದಿನವಾದರೆ ಸಾಲು ಹಳದಿ, ಹದಿನೈದಾದರೆ ಕೆಂಪು. ಸಿಸ್ಟರ್ ಬೆಳಿಗ್ಗೆ ಒಂಬತ್ತೂವರೆಗೆ ಬಂದು ಬಣ್ಣ ಇರುವವರನ್ನು ಮಾತ್ರ ನೋಡುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಫೋನು, ಅರ್ಧ ಗಂಟೆ ಕೆಲಸ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ‘ಮಾಡಿದಷ್ಟು ನೀಡು ಭಿಕ್ಷೆ’ ಅಂದಿದ್ದು ಶೀಟಿಗೂ ಸಲ್ಲುತ್ತದೆ. ತುಂಬಿದಷ್ಟೇ ಅದು ಕೊಡುತ್ತದೆ.

ನಂಬರಿನ ಕಾಲಂಗೆ ‘ಪೇಷಂಟ್ ಮೊಬೈಲ್’ ಅಂತ ತಲೆಬರಹ ಕೊಟ್ಟಿದ್ದೆ. ಅದನ್ನು ಅಳಿಸಿ ‘ಫೋನ್ ಎತ್ತುವವರು’ ಅಂತ ಬರೆದೆ. ಸೊಸೆ, ಪಕ್ಕದ ಮನೆಯವರು, ಹಟ್ಟಿಯ ಕಿರಾಣಿ ಅಂಗಡಿ, ಯಾರಾದರೂ ಸರಿ, ಪೇಷಂಟು ಒಪ್ಪಬೇಕು. ಅಂಗಡಿಯವರಿಗೆ ‘ಕ್ಲಿನಿಕ್ಕಿಗೆ ಫೋನ್ ಮಾಡಲು ಹೇಳಿ’ ಅಂತ ಮಾತ್ರ ಹೇಳುತ್ತೇವೆ, ಕಾಯಿಲೆ ಹೆಸರು ಎತ್ತಲ್ಲ. ಗ್ರೂಪಿನ ಪಾಠ ಮರೆತಿಲ್ಲ.

ಫೋನಿನಲ್ಲಿ ‘ಮಾತ್ರೆ ತಗೋತಿದೀರಾ’ ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. ಸಿಸ್ಟರ್ ಬೇರೆ ಒಂದು ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಅದೇನು ಅಂತ ಇಲ್ಲಿ ಬರೆಯಲ್ಲ. ಬರೆದರೆ ನಮ್ಮ ಪೇಷಂಟುಗಳೇ ಓದಿ ಉತ್ತರ ರೆಡಿ ಮಾಡಿಕೊಳ್ಳುತ್ತಾರೆ. ಹಾಗೇ ಮೆಡಿಕಲ್ ಶಾಪಿನವರ ಜೊತೆ ನಮ್ಮದೊಂದು ಏರ್ಪಾಡಿದೆ. ಕಮಿಷನ್ ಅಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಎಲ್ಲಕ್ಕಿಂತ ಜಾಸ್ತಿ ಲಾಭ ಕೊಟ್ಟಿದ್ದು ಮಾತ್ರೆ ಫೋಟೋ. ಒಬ್ಬ ಅಜ್ಜಿಗೆ ಕಾಲು ಊದಿತ್ತು. ಹೃದಯ ಇರಬಹುದು, ಕಿಡ್ನಿ ಇರಬಹುದು ಅಂತ ಎಕೋ, ಕ್ರಿಯಾಟಿನಿನ್ ಎಲ್ಲ ಆಯಿತು, ಮೂರು ಸಾವಿರ ಖರ್ಚು. ಎಲ್ಲ ನಾರ್ಮಲ್. ಕೊನೆಗೆ ಮೊಮ್ಮಗನಿಗೆ ಮನೆಯಲ್ಲಿರುವ ಮಾತ್ರೆಯೆಲ್ಲ ಪೇಪರ್ ಮೇಲೆ ಹರವಿ ಫೋಟೋ ಕಳಿಸು ಅಂದೆ. ಕಳಿಸಿದ. ಬಿಪಿಗೆ ನಾನು ಬರೆದ ಆಮ್ಲೋಡಿಪಿನ್ 5 ಎಂಜಿ ಒಂದು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ ಕೊಟ್ಟದ್ದು ಇನ್ನೊಂದು, ಬೇರೆ ಬ್ರಾಂಡು, ಬೇರೆ ಬಣ್ಣ, ಅದೇ ಆಮ್ಲೋಡಿಪಿನ್. ಅಜ್ಜಿ ಎರಡನ್ನೂ ನಿಯತ್ತಾಗಿ ನುಂಗುತ್ತಿದ್ದರು. ಆ ಮಾತ್ರೆ ಜಾಸ್ತಿಯಾದರೆ ಕಾಲು ಊದಬಹುದು. ಒಂದು ನಿಲ್ಲಿಸಿದೆ, ಎರಡು ವಾರದಲ್ಲಿ ಊತ ಇಳಿಯಿತು. ಈಗ ಯಾರೇ ದೊಡ್ಡಾಸ್ಪತ್ರೆಗೆ ಹೋಗಿ ಬಂದರೂ ಮೂರು ದಿನದೊಳಗೆ ಫೋಟೋ ತರಿಸುತ್ತೇವೆ. ಸ್ಟ್ರಿಪ್ಪಿನ ಹಿಂಭಾಗ ಕಾಣಬೇಕು, ಇಲ್ಲದಿದ್ದರೆ ಹೆಸರು ಗೊತ್ತಾಗಲ್ಲ. ಹಾಗೆ ಸಿಕ್ಕಿಬಿದ್ದ, ಬಿಪಿ ಏರಿಸುವ ನೋವಿನ ಮಾತ್ರೆಗಳ ಲೆಕ್ಕ ಕೇಳಬೇಡಿ. ಶೇಂಗಾ ಕೀಳುವ ಕಾಲದಲ್ಲಿ ಡೈಕ್ಲೊಫೆನಾಕ್ ಇಲ್ಲದ ಮನೆಯೇ ಇಲ್ಲ. ಆಮೇಲೆ ಬಿಪಿ ಯಾಕೆ ಇಳೀತಿಲ್ಲ ಅಂತ ನನ್ನ ಕೇಳ್ತಾರೆ.

ಫೋನಿನಲ್ಲೇ ಮಾತ್ರೆ ಮುಂದುವರಿಸಲು 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಅವಕಾಶ ಇದೆ. ಆದರೆ ಅದೇ ಕಾಯಿಲೆಗೆ ಆರು ತಿಂಗಳೊಳಗೆ ಮುಖ ತೋರಿಸಿದ್ದರೆ ಮಾತ್ರ ಅದು ಫಾಲೋಅಪ್. ಅದಕ್ಕೂ ಒಂದು ಕಾಲಂ ಇಟ್ಟೆ. ನಾವು ಗಡುವಿಗೆ ಮೊದಲೇ ನಿಲ್ಲಿಸುತ್ತೇವೆ, ಐದು ತಿಂಗಳು ದಾಟಿದವರಿಗೆ ಫೋನಿನಲ್ಲಿ ಮಾತ್ರೆ ಇಲ್ಲ, ಬರಲೇಬೇಕು. ಸರ್ಕಾರಿ ಕೇಂದ್ರದಲ್ಲಿ ಮಾತ್ರೆ ಸಿಗುವವರಿಗೆ ಅಲ್ಲೇ ತಗೊಳ್ಳಿ ಅಂತೀನಿ. ಅಲ್ಲಿನ ಸಿಸ್ಟರ್, ಆಶಾ ಅಕ್ಕ ಬಿಪಿ ನೋಡಿ ನಮಗೆ ರೀಡಿಂಗ್ ಕಳಿಸುತ್ತಾರೆ. ನಾವು ಅವರಿಗೆ ಕೆಂಪು ಸಾಲಿನವರ ಹೆಸರು ಕಳಿಸುತ್ತೇವೆ.

ಇನ್ನು ದುಡ್ಡು. ಸಿಸ್ಟರ್‌ಗೆ ತಿಂಗಳಿಗೆ 2,500 ಜಾಸ್ತಿ. ರೀಚಾರ್ಜ್ 300. ಬರೀ ಬಿಪಿ ನೋಡಿಸಿಕೊಳ್ಳಲು ಬಂದವರಿಗೆ ಫೀಸ್ ಇಲ್ಲ ಅಂತ ಬೋರ್ಡ್ ಹಾಕಿದೆ, ಆ ‘ದುಡ್ಡಿಗೆ ಕರೀತಾನೆ’ ಮಾತು ಅಲ್ಲಿಗೇ ನಿಂತಿತು. ಮೊದಲ ಐದಾರು ತಿಂಗಳು ಕೈಯಿಂದ ಹೋಯಿತು. ಮನೆಯಲ್ಲಿ ಮಾತು ಕೇಳಬೇಕಾಯಿತು. ಆಮೇಲೆ ಬಿಪಿಗೆ ಬಂದವರು ಮಗುವಿನ ಜ್ವರಕ್ಕೂ ಇಲ್ಲಿಗೇ ಬರತೊಡಗಿದರು, ಸರಿಹೋಯಿತು. ಈಗ ಶೀಟಿನಲ್ಲಿ 400 ಚಿಲ್ಲರೆ ಜನ. ಮೊದಲು ಹತ್ತರಲ್ಲಿ ನಾಲ್ಕು ಜನ ಸಮಯಕ್ಕೆ ಬರುತ್ತಿದ್ದರು, ಈಗ ಏಳು. ಬಿಪಿ ಹತೋಟಿಯಲ್ಲಿ, ಅಂದರೆ 140/90ರ ಕೆಳಗೆ, ಇರುವವರು ಅರ್ಧಕ್ಕಿಂತ ಜಾಸ್ತಿ. ಬಾಯಿಲೆಕ್ಕ, ಆದರೆ ತೀರಾ ತಪ್ಪಿರಲ್ಲ.

ನಡುವೆ ಸುಮ್ನೆ ಒಂದಷ್ಟು ಪ್ರಯೋಗ ಮಾಡಿದೆ. ನನ್ನ ದನಿಯಲ್ಲಿ ಮಾತ್ರೆ ನೆನಪಿಸುವ ವಾಯ್ಸ್ ನೋಟ್ ಕಳಿಸಿದರೆ ಯಾರೂ ಕೇಳಲಿಲ್ಲ. ಮಗಳ ಕೈಲಿ “ತಾತಾ, ಮಾತ್ರೆ ತಗೊಂಡ್ಯಾ?” ಅನ್ನಿಸಿ ಕಳಿಸಿದೆ. ಎಲ್ಲರೂ ಕೇಳಿದರು. ಆದರೆ ಇಬ್ಬರು ವಾಪಸ್ ಫೋನ್ ಮಾಡಿ “ಯಾವ ಮೊಮ್ಮಗಳವ್ವಾ ನೀನು?” ಅಂದರು. ನಿಲ್ಲಿಸಿದೆ. ಇನ್ನೊಂದು, ಮುದ್ದೆ ಉಂಡು ಎರಡು ಗಂಟೆಗೆ ಶುಗರ್, ಅನ್ನ ಉಂಡು ಎರಡು ಗಂಟೆಗೆ ಶುಗರ್, ಆರು ಜನರ ಮೇಲೆ. ಶುಗರ್ ನೋಡುವ ಸ್ಟ್ರಿಪ್ ಒಂದಷ್ಟು ಖಾಲಿಯಾಯಿತು. ಮುದ್ದೆ ಒಳ್ಳೇದು ಅಂತ ಎರಡು ಮುದ್ದೆ ಉಂಡವರದ್ದೇ ಎಲ್ಲರಿಗಿಂತ ಮೇಲಿತ್ತು.

ಒಬ್ಬರಿಗೆ ಮಾತ್ರ ಶೀಟು, ಫೋಟೋ ಯಾವುದೂ ನಡೆಯಲಿಲ್ಲ. ಕುರಿ ತಾತ. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಹೊರಟರೆ ಮಳೆ ಬೀಳುವವರೆಗೆ ಹಟ್ಟಿ ಕಡೆ ಸುಳಿಯಲ್ಲ. ಕೀಪ್ಯಾಡ್ ಫೋನು, ಕರೆನ್ಸಿ ಇರಲ್ಲ, ಚಾರ್ಜ್ ಯಾರದೋ ಪಂಪ್‌ಹೌಸಿನಲ್ಲಿ. ಅವರ ಜೊತೆ ಮಾತಾಡಿಕೊಂಡೆ: ಸೋಮವಾರ ಒಂದು ಮಿಸ್ಡ್ ಕಾಲ್ ಬಂದರೆ ಮಾತ್ರೆ ಇದೆ ಅಂತ, ಎರಡು ಬಂದರೆ ಮುಗೀತಾ ಬಂತು ಅಂತ. ಏನೂ ಬರದಿದ್ದರೆ ಅವರ ಮಗನಿಗೆ ಫೋನ್. ಎರಡು ವರ್ಷದಲ್ಲಿ ಎರಡೋ ಮೂರೋ ಸೋಮವಾರ ತಪ್ಪಿರಬಹುದು. ಶೀಟಿನಲ್ಲಿ ಅವರದೊಂದೇ ಸಾಲಿಗೆ ಬಣ್ಣ ಇಲ್ಲ, ಕೈಯಲ್ಲೇ ಟಿಕ್ ಹಾಕುತ್ತೇವೆ.

ಈ ಸೋಮವಾರ ಎರಡು ಬಂದಿದೆ. ಯಾವ ಊರ ಹತ್ತಿರ ಇದ್ದಾರೆ ಅಂತ ಮಗನನ್ನು ಕೇಳಿ, ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಲಿ ಮಾತ್ರೆ ಕಳಿಸಬೇಕು.