ಏರೂ ಇಲ್ಲ, ಲಾರಿಯೂ ಇಲ್ಲ: ಆಲ್ಪ್ಸ್ ಕಣಿವೆಯಲ್ಲಿ ಒಂದು ದಿನದ ಸೈಕಲ್ ಪ್ರವಾಸ ಹೀಗೆ ಮಾಡಿ

ಬೆಟ್ಟದ ಸೀಮೆಯಲ್ಲಿ ಸೈಕಲ್ ಹೊಡೆಯಬೇಕು ಅಂದರೆ ಎರಡು ಭಯ ಇದ್ದೇ ಇರುತ್ತದೆ. ಒಂದು, ಉಸಿರು ಕಟ್ಟಿಸುವ ಏರು. ಇನ್ನೊಂದು, ತಿರುವಿನಲ್ಲಿ ಮೈಮೇಲೆ ಬಂದಂತೆ ಬರುವ ಬಸ್ಸು, ಲಾರಿ. ಈ ಎರಡರ ಕಾಟವೂ ಇಲ್ಲದ ದಾರಿಯೊಂದು ಇಟಲಿ ಮತ್ತು ಆಸ್ಟ್ರಿಯಾ ಗಡಿಯ ಪುಸ್ಟರ್ ಕಣಿವೆಯಲ್ಲಿದೆ.

ಇಟಲಿಯ ಸ್ಯಾನ್ ಕ್ಯಾಂಡಿಡೊದಿಂದ ಆಸ್ಟ್ರಿಯಾದ ಲಿಯೆಂಟ್ಸ್‌ವರೆಗೆ ಸುಮಾರು 44 ಕಿಲೋಮೀಟರ್. ಹೊರಡುವ ಊರು ಸಮುದ್ರ ಮಟ್ಟದಿಂದ 1175 ಮೀಟರ್ ಎತ್ತರದಲ್ಲಿದೆ, ಸೇರುವ ಊರು 673 ಮೀಟರ್. ಅಂದರೆ ಒಂದು ಕಿಲೋಮೀಟರಿಗೆ ಸರಾಸರಿ ಹನ್ನೊಂದು ಮೀಟರಿನಷ್ಟು ಇಳಿತ. ಪಕ್ಕದಲ್ಲಿ ಡ್ರೌ ನದಿ ಹರಿಯುತ್ತದೆ. ಅದು ಇಳಿದ ಹಾಗೆ ನೀವೂ ಇಳಿಯುತ್ತೀರಿ. ದಾರಿ ಬಹುಪಾಲು ಸೈಕಲ್‌ಗಳಿಗೆಂದೇ ಮಾಡಿದ್ದು. ಅಲ್ಲೊಂದು ಇಲ್ಲೊಂದು ಕಡೆ ಹಳ್ಳಿಯ ಬೀದಿ ದಾಟಬೇಕು, ಹುಲ್ಲು ತುಂಬಿದ ಟ್ರ್ಯಾಕ್ಟರ್ ಎದುರಾಗಬಹುದು, ಅಷ್ಟೇ. ಸೈಕಲ್ ಮೇಲೆ ಧೈರ್ಯವಾಗಿ ಕೂರಲು ಬಂದರೆ ಸಾಕು. ಹತ್ತು ವರ್ಷದ ಮಗುವೂ ಹೋಗಬಹುದು. ಜರ್ಮನಿಯಲ್ಲಿರುವ ಮಗಳ ಮನೆಗೆಂದು ಹೋದ ಅಪ್ಪ ಅಮ್ಮನೂ ಹೋಗಬಹುದು.

ಲಿಯೆಂಟ್ಸ್‌ನಲ್ಲಿ ಉಳಿದುಕೊಳ್ಳಿ

ಇಡೀ ಪ್ರವಾಸದಲ್ಲಿ ಮುಖ್ಯವಾದ ನಿರ್ಧಾರ ಇದೇ. ಹೆಚ್ಚಿನವರು ಸ್ಯಾನ್ ಕ್ಯಾಂಡಿಡೊದಲ್ಲಿ ಉಳಿದು, ಬೆಳಿಗ್ಗೆ ಸೈಕಲ್‌ನಲ್ಲಿ ಇಳಿದು, ಸಂಜೆ ರೈಲು ಹಿಡಿದು ಮೇಲೆ ವಾಪಸ್ ಹೋಗುತ್ತಾರೆ. ಹಾಗಾಗಿ ಬೇಸಿಗೆಯ ಮಧ್ಯಾಹ್ನ ಲಿಯೆಂಟ್ಸ್ ನಿಲ್ದಾಣದಲ್ಲಿ ಜನವೋ ಜನ. ದಣಿದ ಮಕ್ಕಳನ್ನು ಕಟ್ಟಿಕೊಂಡು ಬಿಸಿಲಲ್ಲಿ ಸಾಲು ನಿಲ್ಲುವುದು ಯಾರಿಗೆ ಬೇಕು?

ನಾನು ಹೇಳುವುದು ಇದರ ಉಲ್ಟಾ. ಕೆಳಗಿನ ಊರಿನಲ್ಲಿ ರೂಮ್ ಮಾಡಿ. ಬೆಳಿಗ್ಗೆ ಬೇಗ ರೈಲಿನಲ್ಲಿ ಮೇಲೆ ಹೋಗಿ, ದಿನವಿಡೀ ನಿಧಾನವಾಗಿ ಇಳಿಯಿರಿ. ಇಳಿದ ಮೇಲೆ ರೂಮ್ ಅಲ್ಲೇ ಇರುತ್ತದೆ. ರೈಲಿನ ಗಡಿಬಿಡಿ ಇಲ್ಲ, ಗಡಿಯಾರ ನೋಡಿಕೊಂಡು ಪೆಡಲ್ ತುಳಿಯುವುದೂ ಇಲ್ಲ. ದಾರಿಯಲ್ಲಿ ಇಷ್ಟವಾದ ಕಡೆ ಒಂದು ಗಂಟೆ ಜಾಸ್ತಿ ಕೂತರೂ ಯಾರೂ ಕೇಳುವುದಿಲ್ಲ.

ಮ್ಯೂನಿಕ್‌ನಿಂದ ಬರುವವರು ಸಾಲ್ಸ್‌ಬರ್ಗ್ ಮೇಲೆ ಫಿಲಾಖ್ ಕಡೆಗೆ ಹೋಗುವ ರೈಲು ಹಿಡಿದು, ಸ್ಪಿಟ್ಟಾಲ್‌ನಲ್ಲಿ ಇಳಿದು ಲಿಯೆಂಟ್ಸ್ ರೈಲಿಗೆ ಬದಲಿಸಬಹುದು. ನಿಮ್ಮ ವೀಸಾ ಷೆಂಗೆನ್ ವೀಸಾ ಆಗಿದ್ದರೆ ಎರಡೂ ದೇಶಕ್ಕೆ ಅದೇ ಸಾಕು. ಗಡಿ ದಾಟುವ ದಾರಿಯಾದ್ದರಿಂದ ಪಾಸ್‌ಪೋರ್ಟ್ ಮಾತ್ರ ರೂಮಿನಲ್ಲಿ ಬಿಟ್ಟು ಹೋಗಬೇಡಿ.

ಯಾವಾಗ ಹೋಗಬೇಕು

ಮೇ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಸರಿಯಾದ ಕಾಲ. ಆಗಸ್ಟ್ ಬೇಡ. ಆಗಸ್ಟ್ 15ರ ಹಿಂದೆ ಮುಂದೆ ಇಡೀ ಇಟಲಿಗೆ ರಜೆ, ಈ ದಾರಿ ಸೈಕಲ್‌ಗಳಿಂದಲೇ ತುಂಬಿಹೋಗುತ್ತದೆ. ಜೂನ್ ಅಥವಾ ಸೆಪ್ಟೆಂಬರ್ ಆರಿಸಿ, ಅದರಲ್ಲೂ ಶನಿವಾರ, ಭಾನುವಾರ ಬಿಟ್ಟು.

ಬೆಳಿಗ್ಗೆ ಬೇಗ ಹೊರಡಿ ಅಂದೆನಲ್ಲ, ಅದಕ್ಕೆ ಇನ್ನೂ ಎರಡು ಕಾರಣ ಇವೆ. ಬಿಸಿಲೇರಿದಂತೆ ಬೆಟ್ಟದ ಇಳಿಜಾರುಗಳು ಕಾಯುತ್ತವೆ, ಗಾಳಿ ಕಣಿವೆಯ ಕೆಳಗಿನಿಂದ ಮೇಲಕ್ಕೆ ಬೀಸತೊಡಗುತ್ತದೆ. ನೀವು ಇಳಿಯುತ್ತಿರುತ್ತೀರಿ, ಗಾಳಿ ಎದುರಿಗೆ ಬರುತ್ತದೆ. ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ. ಜೊತೆಗೆ ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಒಂಬತ್ತಕ್ಕೆ ಹೊರಟರೆ ಎರಡನ್ನೂ ಬಹಳಷ್ಟು ತಪ್ಪಿಸಬಹುದು. ಬರೀ ತುಳಿಯುವ ಹೊತ್ತು ಮೂರು, ನಾಲ್ಕು ಗಂಟೆ. ಉಳಿದದ್ದೆಲ್ಲ ನಿಂತು ನೋಡುವುದಕ್ಕೆ.

ರೈಲು ಹತ್ತಿ, ಮೇಲೆ ಹೋಗಿ ಸೈಕಲ್ ತೆಗೆದುಕೊಳ್ಳಿ

ಈ ಕಣಿವೆಗೆ ರೈಲು ಬಂದದ್ದು 1871ರಲ್ಲಿ. ಲಿಯೆಂಟ್ಸ್‌ನಿಂದ ಸ್ಯಾನ್ ಕ್ಯಾಂಡಿಡೊಗೆ ಮುಕ್ಕಾಲು ಗಂಟೆಯ ಆಸುಪಾಸು. ಹಿಂದಿನ ದಿನವೇ ಒಮ್ಮೆ ವೇಳಾಪಟ್ಟಿ ನೋಡಿ, ಯಾಕೆಂದರೆ ಹಳಿ ಕೆಲಸ ನಡೆಯುವಾಗ ರೈಲಿನ ಬದಲು ಬಸ್ ಬಿಡುವುದುಂಟು. ನಿಲ್ದಾಣದ ಬೋರ್ಡಿನಲ್ಲಿ ಇನ್ನಿಖೆನ್ ಅಂತ ಕಂಡರೆ ಗಾಬರಿ ಬೇಡ, ಅದು ಅದೇ ಊರಿನ ಜರ್ಮನ್ ಹೆಸರು. ಮೊದಲ ಮಹಾಯುದ್ಧ ಮುಗಿಯುವವರೆಗೆ ಈ ಭಾಗ ಆಸ್ಟ್ರಿಯಾದ್ದೇ ಆಗಿತ್ತು. ಹಾಗಾಗಿ ಇಲ್ಲಿನ ಪ್ರತಿ ಊರಿಗೂ ಎರಡು ಹೆಸರು.

ಸೈಕಲ್ ಜೊತೆಗೆ ಒಯ್ಯಬೇಕಾಗಿಲ್ಲ. ಸ್ಯಾನ್ ಕ್ಯಾಂಡಿಡೊದಲ್ಲಿ ಬಾಡಿಗೆಗೆ ತೆಗೆದುಕೊಂಡು ಲಿಯೆಂಟ್ಸ್‌ನಲ್ಲಿ ಹಿಂದಿರುಗಿಸುವ ವ್ಯವಸ್ಥೆ ಇದೆ. ಬುಕ್ ಮಾಡುವಾಗಲೇ ‘ಲಿಯೆಂಟ್ಸ್‌ನಲ್ಲಿ ಕೊಡುತ್ತೇವೆ’ ಅಂತ ಹೇಳಿ, ಅಲ್ಲಿ ಎಷ್ಟು ಗಂಟೆಗೆ ಬಾಗಿಲು ಹಾಕುತ್ತಾರೆ ಅಂತಲೂ ಕೇಳಿಕೊಳ್ಳಿ. ಗೇರ್ ಇರುವ ಸಾದಾ ಟ್ರೆಕ್ಕಿಂಗ್ ಸೈಕಲ್ ಸಾಕು. ಬ್ಯಾಟರಿ ಸೈಕಲ್ ಈ ಇಳಿಜಾರಿಗೆ ಬೇಕಿಲ್ಲ, ಆದರೆ ಮಂಡಿ ನೋವಿರುವವರು ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಚಿಕ್ಕ ಮಕ್ಕಳಿಗೆ ಹಿಂದೆ ಕಟ್ಟುವ ಸೀಟು, ಎಳೆದುಕೊಂಡು ಹೋಗುವ ಪುಟ್ಟ ಗಾಡಿ ಎರಡೂ ಸಿಗುತ್ತವೆ.

ಅಂಗಡಿಯಿಂದ ಹೊರಡುವ ಮೊದಲು ಐದು ನಿಮಿಷ ಅಂಗಳದಲ್ಲೇ ಓಡಿಸಿ ನೋಡಿ. ಇದನ್ನು ಬಿಡಲೇಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು. ಅಲ್ಲಿ ಬಹಳಷ್ಟು ಸೈಕಲ್‌ಗಳಲ್ಲಿ ಎಡಗೈ ಬ್ರೇಕ್ ಮುಂದಿನದು. ಹಳೆಯ ಅಭ್ಯಾಸದಲ್ಲಿ ಎಡಗೈಯನ್ನು ಜೋರಾಗಿ ಹಿಡಿದರೆ ಮುಂದಕ್ಕೆ ಮುಗ್ಗರಿಸುತ್ತೀರಿ. ಯಾವ ಕೈಗೆ ಯಾವ ಚಕ್ರ ಅನ್ನುವುದು ಕೈಗೇ ಗೊತ್ತಾಗಲಿ. ಇಳಿಜಾರಿನಲ್ಲಿ ಎರಡನ್ನೂ ಸ್ವಲ್ಪ ಸ್ವಲ್ಪವೇ, ಬಿಟ್ಟು ಬಿಟ್ಟು ಹಿಡಿಯಬೇಕು. ಸೀಟಿನ ಎತ್ತರ ಸರಿಮಾಡಿಸಿಕೊಳ್ಳಿ, ಬೆಲ್ ಕೆಲಸ ಮಾಡುತ್ತದೆಯೇ ನೋಡಿ. ಚೂಡಿದಾರ ಹಾಕಿದವರು ದುಪಟ್ಟಾವನ್ನು ಚೀಲಕ್ಕೆ ಸೇರಿಸಿಬಿಡಿ. ಪ್ಯಾಂಟಿನ ಕಾಲು ಅಗಲ ಇದ್ದರೆ ರಬ್ಬರ್ ಬ್ಯಾಂಡ್ ಹಾಕಿ.

ಆಸ್ಟ್ರಿಯಾದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರೂ ಹಾಕಿಕೊಳ್ಳಿ.

ದಾರಿಯಲ್ಲಿ

ಬಲಗಡೆಯೇ ಹೋಗಬೇಕು. ಎಡಗಡೆ ಹೋಗುವುದು ನಮಗೆ ಮೈಗೂಡಿಬಿಟ್ಟಿದೆ ಅಲ್ವಾ, ಅದರಲ್ಲೂ ನಿಂತು ಮತ್ತೆ ಹೊರಡುವಾಗ ಕಾಲು ತಾನೇ ಎಡಕ್ಕೆ ಎಳೆಯುತ್ತದೆ. ಮಕ್ಕಳಿಗೆ ಪ್ರತಿ ಸಲ ನೆನಪಿಸಿ. ಮುಂದಿನವರನ್ನು ದಾಟುವಾಗ ಬೆಲ್ ಮಾಡಿ ಎಡದಿಂದ ಹೋಗಿ. ಫೋಟೊ ತೆಗೆಯಬೇಕಾದರೆ ದಾರಿ ಬಿಟ್ಟು ಪಕ್ಕದ ಹುಲ್ಲಿಗೆ ಇಳಿಯಿರಿ. ದಾರಿ ನಡುವೆ ಗುಂಪಾಗಿ ನಿಲ್ಲುವುದೇ ಇಲ್ಲಿ ನಿಜವಾದ ಅಪಾಯ.

ಆರಂಭದಲ್ಲಿ ಕಣಿವೆ ಅಗಲ. ಎರಡೂ ಕಡೆ ಹುಲ್ಲುಗಾವಲು, ಮರದ ಕೊಟ್ಟಿಗೆಗಳು, ಚೂಪು ಗೋಪುರದ ಚರ್ಚುಗಳು. ನದಿ ಇನ್ನೂ ಸಣ್ಣದು. ಡ್ರೌ ಹುಟ್ಟುವುದು ಪಕ್ಕದ ಟೋಬ್ಲಾಖ್ ಬಯಲಿನಲ್ಲಿ. ಅದೇ ಬಯಲಿನಿಂದ ಪಶ್ಚಿಮಕ್ಕೆ ಹರಿಯುವ ರಿಯೆಂಟ್ಸ್ ಹೊಳೆಯ ನೀರು ಕೊನೆಗೆ ಏಡ್ರಿಯಾಟಿಕ್ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಹರಿಯುವ ಡ್ರೌ ಮಾತ್ರ ಆಸ್ಟ್ರಿಯಾ, ಸ್ಲೊವೇನಿಯಾ, ಕ್ರೊಯೇಷಿಯಾ ಸುತ್ತಿ ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಈ ನದಿಯ ಗುಂಟ ಸಾಗುವ ನೂರಾರು ಕಿಲೋಮೀಟರಿನ ಡ್ರೌ ಸೈಕಲ್ ದಾರಿಯ ಮೊದಲ ತುಂಡು ನಮ್ಮದು. ‘ಡ್ರೌರಾಡ್‌ವೆಗ್’ ಅನ್ನುವ ಫಲಕ ಕಾಣುತ್ತಿದ್ದರೆ ದಾರಿ ತಪ್ಪಿಲ್ಲ.

ಗಡಿ ದಾಟಿದ ಸ್ವಲ್ಪ ಹೊತ್ತಿಗೆ ಸಿಲಿಯಾನ್ ಬರುತ್ತದೆ. ಮಕ್ಕಳಿಗೆ ಆಟದ ಪಾರ್ಕ್ ಇದೆ, ಗುಡ್ಡದ ಮೇಲೆ ಹೈನ್‌ಫೆಲ್ಸ್ ಕೋಟೆ ಕಾಣುತ್ತದೆ, ಪಕ್ಕದಲ್ಲೇ ಲೋಕರ್ ವೇಫರ್ ಕಾರ್ಖಾನೆಯ ಅಂಗಡಿ. ಮೊದಲ ದೊಡ್ಡ ವಿರಾಮ ಇಲ್ಲೇ ತೆಗೆದುಕೊಳ್ಳಿ. ಆಬ್‌ಫಾಲ್ಟರ್ಸ್‌ಬಾಖ್ ದಾಟಿದ ಮೇಲೆ ಕಣಿವೆ ಕಿರಿದಾಗುತ್ತದೆ. ಕಾಡು ಹತ್ತಿರ ಬರುತ್ತದೆ, ನದಿಯ ಸದ್ದು ಜೋರಾಗುತ್ತದೆ, ಇಳಿಜಾರೂ ಜಾಸ್ತಿ. ನನಗೆ ಇಡೀ ದಾರಿಯಲ್ಲಿ ಇಷ್ಟವಾದ ಭಾಗ ಇದು. ಬಹಳ ಜನ ವೇಗದ ಖುಷಿಗೆ ಇಲ್ಲಿ ಸುಮ್ನೆ ಹಾರಿ ಹೋಗಿಬಿಡುತ್ತಾರೆ. ನೀವು ನಿಲ್ಲಿಸಿ, ನೀರಿನ ಪಕ್ಕ ಕೂತು ಬುತ್ತಿ ಬಿಚ್ಚಿ. ಲಿಯೆಂಟ್ಸ್ ಇನ್ನೇನು ಬಂತು ಅನ್ನುವಾಗ ಗಾಲಿಟ್ಸೆನ್‌ಕ್ಲಾಮ್ ಎಂಬ ಕಿರು ಕಮರಿ ಇದೆ. ಬಂಡೆಗೆ ಅಂಟಿಸಿದ ಕಾಲುದಾರಿಯಲ್ಲಿ ನಡೆದು ಜಲಪಾತ ನೋಡಬಹುದು.

ಊಟ

ಸಸ್ಯಾಹಾರಿಗಳು ಸ್ವಲ್ಪ ಎಚ್ಚರ ಇರಬೇಕು. ಕ್ನೋಡೆಲ್ ಎಂಬ ಬ್ರೆಡ್ಡಿನ ಉಂಡೆಯಲ್ಲಿ ಹಂದಿಮಾಂಸದ ಚೂರು ಇರುವುದು ಸಾಮಾನ್ಯ. ಪಾಲಕ್ ಅಥವಾ ಚೀಸ್ ಹಾಕಿದ್ದು ಕೇಳಿ. ಲಿಯೆಂಟ್ಸ್ ಇರುವ ಪೂರ್ವ ಟಿರೋಲ್ ಸೀಮೆಯದೇ ತಿಂಡಿಯಾದ ಶ್ಲಿಪ್‌ಕ್ರಾಪ್ಫೆನ್ ನಮ್ಮ ಕಡುಬಿಗೆ ಹತ್ತಿರ: ತೆಳು ಹಿಟ್ಟಿನೊಳಗೆ ಆಲೂಗಡ್ಡೆ, ಮೇಲೆ ಕಾಯಿಸಿದ ಬೆಣ್ಣೆ. ಅದನ್ನು ತಿನ್ನದೆ ಬರಬೇಡಿ. ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳಿ. ಭಾನುವಾರ ಆಸ್ಟ್ರಿಯಾದಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಬುತ್ತಿಗೆ ಬೇಕಾದ್ದನ್ನು ಶನಿವಾರವೇ ಕೊಂಡಿಡಿ.

ಚೀಲದಲ್ಲಿ ತೆಳ್ಳಗಿನ ಮಳೆ ಜಾಕೆಟ್, ಬೆಳಗಿನ ಚಳಿಗೆ ಒಂದು ಸ್ವೆಟರ್, ಸ್ವಲ್ಪ ಯೂರೊ ನಗದು ಇರಲಿ. ತುರ್ತು ಬಂದರೆ ಎರಡೂ ದೇಶದಲ್ಲಿ 112ಕ್ಕೆ ಫೋನ್ ಮಾಡಿ. ಸಾಕು ಅನಿಸಿದರೆ ನಡುವಿನ ಊರುಗಳಲ್ಲೂ ರೈಲು ನಿಲ್ಲುತ್ತದೆ, ಸೈಕಲ್‌ಗೂ ಟಿಕೆಟ್ ತೆಗೆದುಕೊಂಡು ಹತ್ತಬಹುದು.

ಮರುದಿನವೂ ಕಾಲಿಗೆ ಹುಮ್ಮಸ್ಸಿದ್ದರೆ ಅದೇ ನದಿಯ ಜೊತೆ ಇನ್ನೂ ಕೆಳಗೆ ಓಬರ್‌ಡ್ರೌಬುರ್ಗ್‌ವರೆಗೆ ಸುಮಾರು 20 ಕಿಲೋಮೀಟರ್ ಹೋಗಿ. ಅಲ್ಲಿಂದಲೂ ಲಿಯೆಂಟ್ಸ್‌ಗೆ ವಾಪಸ್ ರೈಲಿದೆ. ಹಾಗೆ ಮಾಡುವ ಯೋಚನೆ ಇದ್ದರೆ ಮೊದಲ ದಿನವೇ ಬಾಡಿಗೆಯನ್ನು ಎರಡು ದಿನಕ್ಕೆ ಮಾತಾಡಿಕೊಳ್ಳಿ.