ಮನೆಯ ವಿಂಡೋಸ್ ಕಂಪ್ಯೂಟರ್: ಸ್ಕ್ರೀನ್ ಹೆದರಿಸಿದಾಗ, ಡಿಸ್ಕ್ ತೆವಳಿದಾಗ

ಏನೋ ಹುಡುಕುತ್ತಿದ್ದಾಗ ಸ್ಕ್ರೀನ್ ಇದ್ದಕ್ಕಿದ್ದಂತೆ ಪೂರ್ತಿ ಕೆಂಪೋ ನೀಲಿಯೋ ಆಗುತ್ತದೆ. ಸೈರನ್ ಕೂಗುತ್ತದೆ. ಕಂಪ್ಯೂಟರ್‌ಗೆ ವೈರಸ್ ಹೊಕ್ಕಿದೆ, ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಕರೆ ಮಾಡಿ ಅನ್ನುತ್ತದೆ. ಮೌಸಿನ ಬಾಣವೂ ಕಾಣುವುದಿಲ್ಲ. ಇಷ್ಟೆಲ್ಲ ಆದರೂ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಇನ್ನೂ ಏನೂ ಆಗಿರುವುದಿಲ್ಲ. ಅದೊಂದು ವೆಬ್ ಪುಟ. ಬ್ರೌಸರನ್ನು ಫುಲ್ ಸ್ಕ್ರೀನ್ ಮಾಡಿ ಕೂಗಾಡುತ್ತಿದೆ, ಅಷ್ಟೇ. ಗುರುತು ಹಿಡಿಯುವುದು ಸುಲಭ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡಿತೋ, ಅದು ಮೋಸ.

ಎಸ್ಕೇಪ್ ಕೀಯನ್ನು ಮೂರ್ನಾಲ್ಕು ಸೆಕೆಂಡು ಒತ್ತಿ ಹಿಡಿಯಿರಿ. ಫುಲ್ ಸ್ಕ್ರೀನ್ ಬಿಟ್ಟು ಮೇಲಿನ ಟ್ಯಾಬ್ ಕಂಡರೆ ಅದನ್ನು ಮುಚ್ಚಿ. ಪುಟದೊಳಗೇ ಇರುವ ಇಂಟು ಗುರುತನ್ನಾಗಲಿ, ಕ್ಯಾನ್ಸಲ್ ಅನ್ನಾಗಲಿ ಒತ್ತಬೇಡಿ, ಅವೂ ಆ ಪುಟದವೇ. ಎಸ್ಕೇಪ್‌ಗೆ ಬಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಬ್ರೌಸರಿನ ಹೆಸರು ಆರಿಸಿ ಎಂಡ್ ಟಾಸ್ಕ್ ಕೊಡಿ. ಅದಕ್ಕೂ ಆಗದಿದ್ದರೆ ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದು ಆಫ್ ಮಾಡಿ. ಮತ್ತೆ ಬ್ರೌಸರ್ ತೆರೆದಾಗ ಹಳೆಯ ಪುಟಗಳನ್ನು ರಿಸ್ಟೋರ್ ಮಾಡಲೇ ಎಂದು ಕೇಳುತ್ತದೆ. ಬೇಡ ಅನ್ನಿ. ಕೆಲವರ ಬ್ರೌಸರ್ ಕೇಳದೆಯೇ ಹಳೆಯ ಟ್ಯಾಬುಗಳನ್ನೆಲ್ಲ ತೆರೆಯುತ್ತದೆ. ಅಂಥ ಕಡೆ ಮೊದಲು ವೈಫೈ ಆಫ್ ಮಾಡಿ ಬ್ರೌಸರ್ ತೆರೆಯಿರಿ, ಆ ಟ್ಯಾಬ್ ಮುಚ್ಚಿ, ಆಮೇಲೆ ನೆಟ್ ಕೊಡಿ.

ಸ್ಕ್ರೀನಿನ ಬಲಗಡೆ ಕೆಳಮೂಲೆಯಲ್ಲಿ ಆಗಾಗ "ವೈರಸ್ ಸಿಕ್ಕಿದೆ" ಎಂಬ ಚಿಕ್ಕ ಪೆಟ್ಟಿಗೆ ಬರುತ್ತಿದ್ದರೆ ಅದರ ಮೂಲ ಬೇರೆ. ಯಾವುದೋ ಸೈಟು ನೋಟಿಫಿಕೇಶನ್ ಕಳಿಸಲೇ ಎಂದು ಕೇಳಿದಾಗ ಮನೆಯಲ್ಲಿ ಯಾರೋ ಅಲೋ ಒತ್ತಿರುತ್ತಾರೆ. ಆಂಟಿವೈರಸ್ ಓಡಿಸಿದರೆ ಇದು ಹೋಗುವುದಿಲ್ಲ, ಏಕೆಂದರೆ ಇದು ವೈರಸ್ಸೇ ಅಲ್ಲ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಹೋಗಿ. ಅನುಮತಿ ಪಡೆದವರ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರುಗಳನ್ನೆಲ್ಲ ತೆಗೆಯಿರಿ. ಎಡ್ಜ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ನೋಟಿಫಿಕೇಶನ್ ಎಂದು ಟೈಪ್ ಮಾಡಿದರೆ ಅದೇ ಜಾಗ ಸಿಗುತ್ತದೆ.

ಕೈಯಿಂದಲೇ ಮಾಡಿಸುವ ಮೋಸ

ಈಗ ಹೆಚ್ಚು ಅಪಾಯದ್ದು ಇದು. "ನಾನು ರೋಬೋಟ್ ಅಲ್ಲ" ಎಂದು ಖಾತ್ರಿಪಡಿಸುವ ಪುಟದಂತೆಯೇ ಕಾಣುವ ಒಂದು ಪುಟ. ಅದು ಹೇಳುವುದು ಮೂರೇ ಹೆಜ್ಜೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ನೀವು ಪುಟದಲ್ಲಿ ಕ್ಲಿಕ್ ಮಾಡಿದ ಕ್ಷಣವೇ ಅದು ಒಂದು ಕಮಾಂಡನ್ನು ನಿಮ್ಮ ಕ್ಲಿಪ್‌ಬೋರ್ಡಿಗೆ, ಅಂದರೆ ಕಾಪಿ ಮಾಡಿದ್ದು ಕೂರುವ ಜಾಗಕ್ಕೆ, ಹಾಕಿರುತ್ತದೆ. ಈ ಮೂರು ಹೆಜ್ಜೆಯಲ್ಲಿ ಆ ಕಮಾಂಡನ್ನು ನೀವೇ ಓಡಿಸಿದಂತಾಗುತ್ತದೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳ ಜೊತೆ, ಲಾಗಿನ್ ಆಗಿಯೇ ಇರುವ ಖಾತೆಗಳ ಕುಕೀಗಳೂ (ನೀವು ಲಾಗಿನ್ ಆಗಿದ್ದೀರೆಂದು ಸೈಟಿಗೆ ತೋರಿಸುವ ಚೀಟಿಗಳು) ಆಚೆ ಹೋಗಬಹುದು. ಕುಕೀ ಸಿಕ್ಕವನಿಗೆ ಎಷ್ಟೋ ಸಲ ಒಟಿಪಿಯೂ ಬೇಕಾಗುವುದಿಲ್ಲ. ವೆಬ್ ಪುಟವೊಂದು ವಿಂಡೋಸ್ ಕೀ ಒತ್ತು ಎಂದರೆ ಅಲ್ಲಿಂದ ಎದ್ದುಬಿಡಿ. ನಿಜವಾದ ಯಾವ ಪರೀಕ್ಷೆಯೂ ಬ್ರೌಸರ್ ಬಿಟ್ಟು ಹೊರಗೆ ಹೋಗಲು ಹೇಳುವುದಿಲ್ಲ.

ಮಾಡಿಬಿಟ್ಟಿದ್ದರೆ ಕಂಪ್ಯೂಟರಿನ ನೆಟ್ ಬಂದ್ ಮಾಡಿ. ಪಾಸ್‌ವರ್ಡುಗಳನ್ನು ಫೋನಿನಿಂದ ಬದಲಿಸಿ, ಅದೇ ಕಂಪ್ಯೂಟರಿನಿಂದ ಬದಲಿಸಿದರೆ ಹೊಸದೂ ಅವರಿಗೇ ಸಿಗಬಹುದು. ಮೊದಲು ಇಮೇಲ್, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಮರೆತಾಗ ಬರುವ ಪತ್ರ ಅಲ್ಲಿಗೇ ಬರುತ್ತದೆ. ಆಮೇಲೆ ಬ್ಯಾಂಕು. ಖಾತೆಯ ಸೆಕ್ಯುರಿಟಿ ಪುಟದಲ್ಲಿ ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡುವುದನ್ನು ಬಿಡಬೇಡಿ; ಕದ್ದ ಕುಕೀ ಸಾಯುವುದು ಆಗಲೇ.

ಫೋನಿನಲ್ಲಿ ಸಿಕ್ಕ ಮೋಸಗಾರರ ಮಾತು ಕೇಳಿ, ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್ ಥರದ ರಿಮೋಟ್ ಸಾಫ್ಟ್‌ವೇರ್ ಹಾಕಿಕೊಂಡಿದ್ದರೂ ಮೊದಲ ಕೆಲಸ ನೆಟ್ ಬಂದ್ ಮಾಡುವುದೇ. ಸಾಫ್ಟ್‌ವೇರುಗಳು ಕಳ್ಳರವಲ್ಲ, ಕಂಪನಿಗಳು ದಿನನಿತ್ಯ ಬಳಸುವಂಥವು, ಹಾಗಾಗಿ ಆಂಟಿವೈರಸ್ ತಡೆಯದೆ ಇರಬಹುದು. ಮೋಸಗಾರರು ವಿಂಡೋಸಿನ ದಿನಚರಿ ಪುಸ್ತಕದಂಥ ಈವೆಂಟ್ ವ್ಯೂವರ್ ತೆರೆದು ಸಾಲುಸಾಲು ಕೆಂಪು ಎರರ್ ತೋರಿಸಿ ಹೆದರಿಸುತ್ತಾರೆ. ಚೆನ್ನಾಗಿ ಓಡುತ್ತಿರುವ ಕಂಪ್ಯೂಟರಿನಲ್ಲೂ ಅಂಥ ಸಾಲುಗಳು ನೂರಾರು ಇರುತ್ತವೆ, ಅವಕ್ಕೆ ಅರ್ಥವಿಲ್ಲ.

ದುಡ್ಡು ಹೋಗಿದ್ದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ಬ್ಯಾಂಕಿನ ನಂಬರಿಗೆ ಫೋನ್ ಮಾಡಿ ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ಬಂದ್ ಮಾಡಿಸಿ. ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ನಕಲಿ ನಂಬರುಗಳಿವೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲಿನಲ್ಲಿ ದೂರು ಕೊಡಿ. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರುವ ಮೊದಲು ತಡೆಹಿಡಿಯುವುದಷ್ಟೇ ಇಲ್ಲಿರುವ ಅವಕಾಶ, ಹಾಗಾಗಿ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಮರ್ಯಾದೆ ಹೋಗುತ್ತದೆಂದು ಸುಮ್ಮನಿರಬೇಡಿ. ಗ್ರಾಹಕರೇ ಎಡವಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು ಎಂದು ಆರ್‌ಬಿಐ 2017ರಲ್ಲಿ ಸುತ್ತೋಲೆ ಹೊರಡಿಸಿತ್ತು. ದೂರಿನ ಸಂಖ್ಯೆ, ಕೊಟ್ಟ ಸಮಯ ಬರೆದಿಟ್ಟುಕೊಳ್ಳಿ.

ಇಷ್ಟಾದ ಮೇಲೆ ಕಂಪ್ಯೂಟರ್. ಸೆಟ್ಟಿಂಗ್ಸ್‌ನ ಆ್ಯಪ್ಸ್‌ನಲ್ಲಿ ಹಾಕಿದ ದಿನಾಂಕದ ಪ್ರಕಾರ ಜೋಡಿಸಿ ಹೊಸದಾಗಿ ಬಂದವನ್ನೆಲ್ಲ ತೆಗೆಯಿರಿ. ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ನ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ, ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಅವರು ತುಂಬ ಹೊತ್ತು ಒಳಗಿದ್ದರೆ, ಅಥವಾ ಆ ಮೂರು ಹೆಜ್ಜೆಯ ಕಮಾಂಡ್ ಓಡಿದ್ದರೆ, ಸ್ಕ್ಯಾನ್ ಒಂದನ್ನೇ ನಂಬುವಂತಿಲ್ಲ. ಫೋಟೋ, ದಾಖಲೆಗಳನ್ನು ಬೇರೆ ಕಡೆ ತೆಗೆದಿಟ್ಟು, ವಿಂಡೋಸನ್ನು ಹೊಸದಾಗಿ ಹಾಕುವ ರಿಸೆಟ್ ದಿಸ್ ಪಿಸಿ ಕೊಡಿ, ಅದರಲ್ಲಿ ರಿಮೂವ್ ಎವೆರಿಥಿಂಗ್ ಆರಿಸಿ.

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಗೆ ಸಾಕು. ಕಂಪ್ಯೂಟರ್ ಕೊಂಡಾಗ ಬಂದ ಬೇರೆ ಆಂಟಿವೈರಸ್ಸಿನ ಅವಧಿ ಮುಗಿದಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಅದು ಇದ್ದಷ್ಟು ದಿನ ಡಿಫೆಂಡರ್ ಹಿಂದೆ ಸರಿದಿರಬಹುದು. ಆಫೀಸನ್ನೋ ಗೇಮನ್ನೋ ದುಡ್ಡು ಕೊಡದೆ ಬಳಸಲು "ಕ್ರ್ಯಾಕ್" ಮಾಡುವ ಫೈಲು ಮೊದಲು ಡಿಫೆಂಡರ್ ಆಫ್ ಮಾಡು ಅನ್ನುತ್ತದೆ. ಯಾಕೆ ಅನ್ನುತ್ತದೆಂದು ಯೋಚಿಸಿದರೆ ಸಾಕು. ಪತ್ರ, ಲೆಕ್ಕ ಬರೆಯಲು ಲಿಬ್ರೆ ಆಫೀಸ್ ಪುಕ್ಕಟೆ ಇದೆ, ಮೆನುಗಳು ಕನ್ನಡದಲ್ಲೂ ಸಿಗುತ್ತವೆ.

ನಿಧಾನ ಎಂಬ ದೂರು

ಕ್ಲೀನರ್, ಬೂಸ್ಟರ್, ಡ್ರೈವರ್ ಅಪ್‌ಡೇಟರ್ ಯಾವುದನ್ನೂ ಹಾಕಬೇಡಿ. ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್‌ನ ಮೇಲ್ಸಾಲು ನೋಡಿ. ಸಿಪಿಯು, ಮೆಮೊರಿ, ಡಿಸ್ಕ್ ಈ ಮೂರರಲ್ಲಿ ಯಾವುದು ನೂರರ ಹತ್ತಿರ ಇದೆ ಎನ್ನುವುದೇ ರೋಗದ ಹೆಸರು.

ಹಳೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಅದು ಡಿಸ್ಕ್. ಆನ್ ಮಾಡಿ ಹತ್ತು ನಿಮಿಷ ಆದರೂ ಡಿಸ್ಕ್ 100 ಎಂದೇ ನಿಂತಿದ್ದರೆ, ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ ಎಚ್‌ಡಿಡಿಯೋ ಎಸ್‌ಎಸ್‌ಡಿಯೋ ನೋಡಿ. ಎಚ್‌ಡಿಡಿಯಲ್ಲಿ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಒಂದು ಮುಳ್ಳು. ವಿಂಡೋಸ್ ಒಂದೇ ಹೊತ್ತಿಗೆ ಹತ್ತಾರು ಸಣ್ಣ ಫೈಲು ಕೇಳಿದರೆ ಆ ಮುಳ್ಳಿಗೆ ಓಡಾಟವೇ ಆಗುತ್ತದೆ, ಓದುವುದಾಗುವುದಿಲ್ಲ. ಸೆಟ್ಟಿಂಗ್ ತಿರುಚಿ ಇದು ಸರಿಹೋಗದು. ತಿರುಗುವ ಭಾಗವೇ ಇಲ್ಲದ, 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ ವಿಂಡೋಸನ್ನು ಅದರ ಮೇಲೆ ಹಾಕಿ. ಮನೆ ಬಳಕೆಗೆ 256 ಜಿಬಿ ಸಾಕು, ಹಳೆಯ ಡಿಸ್ಕನ್ನು ಫೋಟೋಗಳಿಗೆ ಉಳಿಸಿಕೊಳ್ಳಬಹುದು. ಹಳೆಯ ಯಂತ್ರಕ್ಕೆ ಖರ್ಚು ಮಾಡುವುದಾದರೆ ಮೊದಲು ಇದಕ್ಕೇ ಮಾಡಿ.

ಬರೀ ಬ್ರೌಸರ್ ತೆರೆದಿದ್ದಾಗಲೇ ಮೆಮೊರಿ 85 ದಾಟಿದ್ದರೆ ರ‍್ಯಾಮ್ ಸಾಲದು. ಕೊಳ್ಳುವ ಮೊದಲು ಅದೇ ಟ್ಯಾಬಿನಲ್ಲಿ ಎಷ್ಟು ಸ್ಲಾಟ್ ಖಾಲಿ ಇದೆ ನೋಡಿ. ಇರುವುದು ಡಿಡಿಆರ್3ಯೋ ಡಿಡಿಆರ್4ಓ ಖಚಿತಪಡಿಸಿಕೊಳ್ಳಿ. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಸಿಪಿಯು ಏರಿದ್ದರೆ ಆ ಕಾಲಮ್ಮಿನ ತಲೆಯ ಮೇಲೆ ಕ್ಲಿಕ್ ಮಾಡಿ, ತಿನ್ನುತ್ತಿರುವುದು ಯಾವುದೆಂದು ಮೇಲೆ ಬರುತ್ತದೆ. ಆ್ಯಂಟಿಮಾಲ್‌ವೇರ್ ಸರ್ವಿಸ್ ಎಂದಿದ್ದರೆ ಅದು ಡಿಫೆಂಡರಿನ ಸ್ಕ್ಯಾನ್, ಮುಗಿಯಲು ಬಿಡಿ.

ಸಿ ಡ್ರೈವ್ ತುಂಬಿ ಕೆಂಪಾಗಿದ್ದರೆ ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂದು ಹೋಗಿ. ಇಲ್ಲೊಂದು ಅಪಾಯವಿದೆ: ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರೂ ಒಂದು ಸಾಲಾಗಿ ಇರುತ್ತದೆ. ಮನೆಯ ಅರ್ಧ ದಾಖಲೆಗಳು ಇರುವುದೇ ಅಲ್ಲಿ. ಅದರ ಟಿಕ್ ತೆಗೆದು ಆಮೇಲೆ ಅಳಿಸಿ.

ಪೆನ್‌ಡ್ರೈವ್, ಗಡಿಯಾರ, ಥಂಡಿ

ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವ್ ತೆರೆದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ, ಮೂಲೆಯಲ್ಲಿ ಬಾಣದ ಗುರುತು ಇದ್ದರೆ ಡಬಲ್ ಕ್ಲಿಕ್ ಮಾಡಬೇಡಿ. ಫೈಲುಗಳು ಹೆಚ್ಚಾಗಿ ಅಲ್ಲೇ ಇರುತ್ತವೆ, ಬಚ್ಚಿಟ್ಟಿದೆ ಅಷ್ಟೇ. ಫೈಲ್ ಎಕ್ಸ್‌ಪ್ಲೋರರಿನ ಫೋಲ್ಡರ್ ಆಪ್ಷನ್ಸ್‌ನಲ್ಲಿ ವ್ಯೂ ಟ್ಯಾಬಿಗೆ ಹೋಗಿ ಹಿಡನ್ ಫೈಲುಗಳನ್ನು ತೋರಿಸು ಎಂದು ಆರಿಸಿ, ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್ ಮುಚ್ಚಿಡು ಎಂಬುದರ ಟಿಕ್ ತೆಗೆಯಿರಿ. ಆಗ ಹಲವು ಸಲ ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣುತ್ತದೆ, ಅದರೊಳಗೆ ನಿಮ್ಮದೆಲ್ಲ ಇರುತ್ತದೆ. ಆ ಫೋಲ್ಡರನ್ನೇ ಎಳೆದು ತರದೆ ಒಳಗಿನ ದಾಖಲೆ, ಫೋಟೋಗಳನ್ನಷ್ಟೇ ಹೊಸ ಫೋಲ್ಡರಿಗೆ ಕಾಪಿ ಮಾಡಿ, ಸ್ಕ್ಯಾನ್ ಮಾಡಿ, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಕೆಲಸ ಮುಗಿದ ಮೇಲೆ ಎರಡೂ ಟಿಕ್ ಮೊದಲಿದ್ದಂತೆ ಮಾಡಿಬಿಡಿ. ಪ್ರಿಂಟಿಗೆ ಹೋಗುವ ಪೆನ್‌ಡ್ರೈವಿನಲ್ಲಿ ಪ್ರಿಂಟ್ ಮಾಡಬೇಕಾದ ಪಿಡಿಎಫ್ ಬಿಟ್ಟು ಬೇರೇನೂ ಇರಬಾರದು.

ಹಳೆಯ ಕನ್ನಡ ಫೈಲು ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಸದಂತೆ ಕಂಡರೆ ಅದು ವೈರಸ್ ಅಲ್ಲ. ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಈ ಕಂಪ್ಯೂಟರಿನಲ್ಲಿಲ್ಲ. ಫಾಂಟ್ ಹಾಕಿದರೆ ಓದಲು ಬರುತ್ತದೆ. ಮುಂದೆಯೂ ಬೇಕಾದರೆ ಎಲ್ಲ ಕಂಪ್ಯೂಟರಿನಲ್ಲೂ ಕಾಣುವ ಯೂನಿಕೋಡಿಗೆ ಪರಿವರ್ತಿಸಿ ಬೇರೆ ಹೆಸರಿನಲ್ಲಿ ಉಳಿಸಿ.

ಪ್ರತಿ ಸಲ ಆನ್ ಮಾಡಿದಾಗಲೂ ದಿನಾಂಕ ಹಳೆಯ ವರ್ಷಕ್ಕೆ ಹೋಗಿರುತ್ತದೆ, ಎಫ್1 ಒತ್ತು ಎಂದು ಕೇಳುತ್ತದೆ, ಬ್ಯಾಂಕಿನ ಸೈಟು ತೆರೆದರೆ ಸಂಪರ್ಕ ಸುರಕ್ಷಿತವಲ್ಲ ಅನ್ನುತ್ತದೆ. ಸೈಟು ಅಸಲಿ ಎಂದು ಬ್ರೌಸರಿಗೆ ತೋರಿಸುವ ಸರ್ಟಿಫಿಕೇಟಿಗೆ ಆರಂಭ, ಕೊನೆಯ ದಿನಾಂಕ ಇರುತ್ತದೆ, ನಿಮ್ಮ ಗಡಿಯಾರ ಆ ಅವಧಿಯ ಹೊರಗಿದೆ, ಅದಕ್ಕೇ ಬ್ರೌಸರ್ ಒಪ್ಪುತ್ತಿಲ್ಲ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ: ಸಿಆರ್ 2032, 3 ವೋಲ್ಟ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಪಕ್ಕದ ಕ್ಲಿಪ್ ಸರಿಸಿ ಹಳೆಯದನ್ನು ತೆಗೆಯಿರಿ, ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ. ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡಿನ ಸೆಟ್ಟಿಂಗ್) ದಿನಾಂಕ ಸರಿಮಾಡಿ. ರಾತ್ರಿ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡುವ ಮನೆಗಳಲ್ಲಿ ಈ ಬ್ಯಾಟರಿ ಬೇಗ ಮುಗಿಯುತ್ತದೆ. ಕರೆಂಟ್ ಇದ್ದಾಗ ಗಡಿಯಾರ ಅದರಿಂದಲೇ ಓಡುತ್ತದೆ, ಇಲ್ಲದಿದ್ದರೆ ಬ್ಯಾಟರಿಯಿಂದ. ಹಾಗೆಂದು ಸಿಡಿಲಿನ ಹೊತ್ತಲ್ಲಿ ಪ್ಲಗ್ ಕೀಳುವುದನ್ನು ಬಿಡಬೇಡಿ.

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಫ್ಯಾನ್ ತಿರುಗಿ ಬೀಪ್ ಬೀಪ್ ಎಂದು ಕೂಗಿ ಸ್ಕ್ರೀನ್ ಮಾತ್ರ ಕಪ್ಪಾಗಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ. ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ.

ವಿಂಡೋಸ್ 10 ಮತ್ತು ಬ್ಯಾಕಪ್

ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಎಂದು ಮೈಕ್ರೋಸಾಫ್ಟ್ ಹೇಳಿತ್ತು, ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಅದರ ಲಿಂಕ್ ಬರುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು; ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ಮೇಲಿನದು. ಅದಕ್ಕಿಂತ ಹಳೆಯದಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿ. ಬ್ರೌಸರ್, ಪತ್ರ, ವಿಡಿಯೋ ಇಷ್ಟೇ ಬೇಕಿರುವ ಮನೆಗೆ ಅದು ಚೆನ್ನಾಗಿ ಒಗ್ಗುತ್ತದೆ.

ಇದಕ್ಕೆಲ್ಲ ಮೊದಲು ಬ್ಯಾಕಪ್. ಹೊರಗಿನ ಒಂದು ಹಾರ್ಡ್ ಡಿಸ್ಕಿಗೆ ಫೋಟೋ, ದಾಖಲೆ ಕಾಪಿ ಮಾಡಿ, ಮುಗಿದ ಕೂಡಲೇ ಕೇಬಲ್ ಕೀಳಿ. ಸದಾ ಚುಚ್ಚಿಯೇ ಇಟ್ಟ ಡಿಸ್ಕನ್ನು, ಫೈಲು ಹಿಡಿದಿಟ್ಟು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಜೊತೆಯಲ್ಲೇ ಬೀಗ ಹಾಕುತ್ತದೆ. ತೀರಾ ಮುಖ್ಯವಾದವನ್ನು ಗೂಗಲ್ ಡ್ರೈವ್‌ನಲ್ಲೂ ಇಡಿ, 15 ಜಿಬಿ ಪುಕ್ಕಟೆ ಸಿಗುತ್ತದೆ. ಸಿಂಕ್ ಆಗುವ ಫೋಲ್ಡರೇ ಬ್ಯಾಕಪ್ ಅಂದುಕೊಳ್ಳಬೇಡಿ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಕಾಪಿ ಮಾಡಿದ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ನಾಲ್ಕಾರು ಫೈಲು ತೆರೆದು ನೋಡಿ.

ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರಬಹುದು. ಬಯೋಸ್ ಬದಲಾದರೆ, ರಿಪೇರಿಗೆ ಕೊಟ್ಟಾಗ ಮದರ್‌ಬೋರ್ಡ್ ಬದಲಿಸಿದರೆ, ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದಿಲ್ಲದೆ ಒಳಗಿನದು ಯಾರಿಗೂ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಡಿವೈಸಸ್ ಅಡಿಯಲ್ಲಿ ಆ ಕೀ ಇರುತ್ತದೆ. ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ಯುವ ಮೊದಲೇ ಅದನ್ನು ಕಾಗದದ ಮೇಲೆ ಬರೆದು ಮನೆಯಲ್ಲಿಡಿ.